ಲಿನಕ್ಸ್ ಗಣಕದ ಮೊದಲ ಅರ್ಧ ನಿಮಿಷ: ಆರಂಭಿಕ ಬೂಟ್ ಇಮೇಜ್, ಅದರ ದೋಷಗಳು ಮತ್ತು ಪರಿಹಾರ

ಗಣಕಯಂತ್ರದ ಗುಂಡಿ ಒತ್ತಿದ ಬಳಿಕ ಲಾಗಿನ್ ಪರದೆ ಮೂಡುವವರೆಗಿನ ಅಲ್ಪ ಅವಧಿಯಲ್ಲಿ ಏನು ನಡೆಯುತ್ತದೆ ಎಂಬುದು ಬಹುತೇಕ ಬಳಕೆದಾರರಿಗೆ ತಿಳಿದಿರುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಬೀಳುವುದಿಲ್ಲ. ಆದರೆ ಒಂದು ದಿನ ಪರದೆಯು ಕಪ್ಪಾಗಿಯೇ ಉಳಿದು, ಮೂಲೆಯಲ್ಲಿ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಒಂದೇ ಪದವೂ ಮಿನುಗುವ ಕರ್ಸರೂ ಕಾಣಿಸಿಕೊಂಡರೆ ಯಂತ್ರವು ಅಲ್ಲಿಗೆ ನಿಂತಂತೆಯೇ. ಬೆಂಗಳೂರಿನಂತಹ ನಗರದಲ್ಲಿ ತಂತ್ರಜ್ಞರು ಸಂಜೆಯೊಳಗೆ ದೊರೆತಾರು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕು ಕೇಂದ್ರಗಳ ಶಾಲೆ, ಗ್ರಂಥಾಲಯ ಅಥವಾ ಡಿಟಿಪಿ ಅಂಗಡಿಯಲ್ಲಿ ಯಂತ್ರ ಹೀಗೆ ನಿಂತರೆ ಅದನ್ನು ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊತ್ತೊಯ್ಯಬೇಕು, ಇಲ್ಲವೇ ಹಾರ್ಡ್‌ಡಿಸ್ಕನ್ನು ಅಳಿಸಿ ಹೊಸದಾಗಿ ಎಲ್ಲವನ್ನೂ ಸ್ಥಾಪಿಸಬೇಕು. ಎರಡನೆಯ ದಾರಿಯಲ್ಲಿ ವರ್ಷಗಳ ಕಡತಗಳು ಹೋಗುತ್ತವೆ. ವಿಷಾದದ ಸಂಗತಿಯೆಂದರೆ, ಬಹುಪಾಲು ಪ್ರಸಂಗಗಳಲ್ಲಿ ಈ ಎರಡೂ ಅನಗತ್ಯ.

ಇನಿಟ್‌ರಾಮ್‌ಎಫ್‌ಎಸ್ ಎಂದರೇನು?

ಲಿನಕ್ಸ್‌ನ ತಿರುಳಾದ ಕರ್ನಲ್, ಹಾರ್ಡ್‌ಡಿಸ್ಕಿನಲ್ಲಿರುವ ಮೂಲ ಕಡತ ವ್ಯವಸ್ಥೆಯನ್ನು ತೆರೆದ ನಂತರವೇ ಉಳಿದ ತಂತ್ರಾಂಶಗಳನ್ನು ನಡೆಸಬಲ್ಲದು. ಡಿಸ್ಕನ್ನು ತೆರೆಯಲು ಅದಕ್ಕೆ ಸಂಬಂಧಿಸಿದ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಬೇಕು. ಆ ಡ್ರೈವರ್ ಇರುವುದಾದರೂ ಎಲ್ಲಿ? ಅದೇ ಡಿಸ್ಕಿನಲ್ಲಿ. ತುಂಗಭದ್ರೆಯ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟುಕೊಂಡಿರುವ ಹೊನ್ನಾಳಿಯ ರೈತರಿಗೆ ಈ ಇಕ್ಕಟ್ಟು ಹೊಸದಲ್ಲ: ನೀರೆತ್ತುವ ಪಂಪು ಕೆಲಸ ಆರಂಭಿಸಬೇಕಾದರೆ ಮೊದಲು ಅದರ ಪೈಪಿನೊಳಗೆ ನೀರು ಇರಬೇಕು, ಆದ್ದರಿಂದಲೇ ಬಿಂದಿಗೆಯಲ್ಲಿ ನೀರು ತಂದು ಹೊಯ್ಯುತ್ತಾರೆ. (ಜಗಳೂರಿನ ಕೊಳವೆಬಾವಿಗಳ ಮುಳುಗು ಪಂಪುಗಳಿಗೆ ಈ ಕಷ್ಟವಿಲ್ಲ, ಅವು ನೀರಿನಲ್ಲಿಯೇ ಇರುತ್ತವೆ.) ಇನಿಟ್‌ರಾಮ್‌ಎಫ್‌ಎಸ್ ಎಂಬುದು ಆ ಬಿಂದಿಗೆಯ ನೀರು. ಇದು ಬೂಟ್ ವಿಭಾಗದಲ್ಲಿರುವ ಒಂದು ಸಂಕುಚಿತ ಕಡತ. ಅತ್ಯಗತ್ಯ ಡ್ರೈವರ್‌ಗಳು, ಬಿಸಿಬಾಕ್ಸ್ ಎಂಬ ಪುಟ್ಟ ಉಪಕರಣಗಳ ಗಂಟು ಮತ್ತು ಕೆಲವು ಸ್ಕ್ರಿಪ್ಟ್‌ಗಳು ಅದರೊಳಗೆ ಇರುತ್ತವೆ.

ಗ್ರಬ್ ಎಂಬ ಬೂಟ್ ಲೋಡರ್ ಕರ್ನಲ್ಲನ್ನೂ ಈ ಕಡತವನ್ನೂ ಒಟ್ಟಿಗೆ ಸ್ಮೃತಿಗೆ ತರುತ್ತದೆ. ಕರ್ನಲ್ ಆ ಗಂಟನ್ನು ಸ್ಮೃತಿಯಲ್ಲಿಯೇ ಬಿಚ್ಚಿ, ಅದರೊಳಗಿನ 'ಇನಿಟ್' ಸ್ಕ್ರಿಪ್ಟನ್ನು ನಡೆಸುತ್ತದೆ. ಆ ಸ್ಕ್ರಿಪ್ಟು ಡಿಸ್ಕನ್ನು ಹುಡುಕಿ, ಗೂಢಲಿಪಿಯಲ್ಲಿದ್ದರೆ ಗುಪ್ತಪದ ಕೇಳಿ, ಕಡತ ವ್ಯವಸ್ಥೆ ಸ್ವಸ್ಥವಾಗಿದೆಯೇ ಎಂದು ಪರೀಕ್ಷಿಸಿ, ಅನಂತರ ಅಧಿಕಾರವನ್ನು ನಿಜವಾದ ವ್ಯವಸ್ಥೆಗೆ ಒಪ್ಪಿಸಿ ತಾನು ಅಳಿದುಹೋಗುತ್ತದೆ.

ಈ ಏರ್ಪಾಟಿನ ಪೂರ್ವರೂಪ 'ಇನಿಟ್‌ಆರ್‌ಡಿ'. ಅದರ ಕೈಪಿಡಿಯನ್ನು ವರ್ನರ್ ಆಲ್ಮೆಸ್‌ಬರ್ಗರ್ ಮತ್ತು ಹಾನ್ಸ್ ಲೆರ್ಮೆನ್ 1996ರಲ್ಲಿ ಬರೆದರು. 2003ರ ಡಿಸೆಂಬರಿನಲ್ಲಿ ಬಿಡುಗಡೆಯಾದ 2.6 ಕರ್ನಲ್‌ನೊಂದಿಗೆ ಸಿಪಿಐಒ ಮಾದರಿಯ ಇನಿಟ್‌ರಾಮ್‌ಎಫ್‌ಎಸ್ ನೆಲೆಯೂರಿತು. ಹಳೆಯ ಹೆಸರು ಮಾತ್ರ ಹೋಗಲಿಲ್ಲ. ಇಂದಿಗೂ ಹಲವು ವ್ಯವಸ್ಥೆಗಳ ಬೂಟ್ ವಿಭಾಗದಲ್ಲಿ ಈ ಕಡತದ ಹೆಸರು 'ಇನಿಟ್‌ಆರ್‌ಡಿ' ಎಂದೇ ಆರಂಭವಾಗುತ್ತದೆ.

ಇಮೇಜನ್ನು ತಯಾರಿಸುವವರು ಯಾರು?

ಈ ಕಡತ ಸಿದ್ಧರೂಪದಲ್ಲಿ ಬರುವುದಿಲ್ಲ. ಬಹುತೇಕ ವ್ಯವಸ್ಥೆಗಳಲ್ಲಿ ಹೊಸ ಕರ್ನಲ್ ಬಂದಾಗಲೆಲ್ಲ ಬಳಕೆದಾರರ ಯಂತ್ರದಲ್ಲಿಯೇ ಅದನ್ನು ಕಟ್ಟಲಾಗುತ್ತದೆ. ಕಟ್ಟುವ ಉಪಕರಣ ಡೆಬಿಯನ್‌ನಲ್ಲಿ 'ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್', ಫೆಡೋರಾದಲ್ಲಿ 2009ರ ನವೆಂಬರಿನ 12ನೇ ಆವೃತ್ತಿಯಿಂದ 'ಡ್ರಾಕಟ್', ಆರ್ಚ್ ಲಿನಕ್ಸ್‌ನಲ್ಲಿ 'ಎಂಕೆಇನಿಟ್‌ಸಿಪಿಐಒ'. ರೆಡ್ ಹ್ಯಾಟ್ 2010ರ ತನ್ನ 6ನೇ ಆವೃತ್ತಿಯಲ್ಲಿ ಡ್ರಾಕಟ್‌ಗೆ ಬಂದಿತು. ದೀರ್ಘಕಾಲ ಡೆಬಿಯನ್‌ನ ಉಪಕರಣವನ್ನೇ ನೆಚ್ಚಿದ್ದ ಉಬುಂಟು ಕೂಡ 2025ರ ಅಕ್ಟೋಬರಿನ 25.10 ಆವೃತ್ತಿಯ ಡೆಸ್ಕ್‌ಟಾಪ್‌ನಲ್ಲಿ ಡ್ರಾಕಟ್‌ಗೆ ಹೊರಳಿತು. ಡ್ರಾಕಟ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಊರಿನ ಹೆಸರು. ವೇಲ್ಯಾಂಡ್, ಪ್ಲಿಮತ್ ಎಂಬ ಲಿನಕ್ಸ್ ತಂತ್ರಾಂಶಗಳ ಹೆಸರುಗಳೂ ಅದೇ ರಾಜ್ಯದ ಊರುಗಳವು. ನಮ್ಮವರು ಬರೆದ ಉಪಕರಣವೊಂದಕ್ಕೆ ನ್ಯಾಮತಿ ಎಂದು ಹೆಸರಿಡಲು ಅಡ್ಡಿಯೇನೂ ಇಲ್ಲ.

ಕರ್ನಾಟಕದ ಮಟ್ಟಿಗೆ ಈ ವಿಷಯ ಕೇವಲ ಹವ್ಯಾಸಿಗಳದ್ದಲ್ಲ. ರಾಜ್ಯದ ಶಿಕ್ಷಣ ಇಲಾಖೆಯೊಂದಿಗೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ 2011ರಿಂದ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟುವಿನ ಮೇಲೆ ಕೆಲಸ ಕಲಿತರು. ಸಿ-ಡಾಕ್ ಸಂಸ್ಥೆಯ ಚೆನ್ನೈ ಕೇಂದ್ರದಲ್ಲಿ ರೂಪುಗೊಂಡ, ಕನ್ನಡ ಬೆಂಬಲವುಳ್ಳ 'ಬಾಸ್' ಲಿನಕ್ಸ್ ಕೂಡ ಡೆಬಿಯನ್ ಆಧಾರಿತವೇ. ಇಂತಹ ಯಂತ್ರಗಳು ಊರಿಂದೂರಿಗೆ ಹರಡಿದಾಗ ಅವುಗಳ ಬೂಟ್ ಇಮೇಜಿನ ದೋಷಗಳೂ ಜೊತೆಯಲ್ಲಿಯೇ ಹೋಗುತ್ತವೆ.

ದೋಷಗಳ ಸ್ವರೂಪ

ಎಲ್ಲಕ್ಕಿಂತ ಸಾಮಾನ್ಯವಾದ ತೊಡಕು ಸ್ಥಳಾಭಾವದ್ದು. ಗೂಢಲಿಪೀಕರಿಸಿದ ಅಥವಾ ಎಲ್‌ವಿಎಂ ಬಳಸುವ ಸ್ಥಾಪನೆಗಳಲ್ಲಿ ಬೂಟ್ ವಿಭಾಗ ಪ್ರತ್ಯೇಕವಾಗಿಯೂ ಚಿಕ್ಕದಾಗಿಯೂ ಇರುತ್ತದೆ. ಪ್ರತಿ ಕರ್ನಲ್‌ಗೂ ತನ್ನದೇ ಇಮೇಜ್ ಇರುವುದರಿಂದ, ಹಳೆಯವನ್ನು ತೆಗೆಯದೆ ಹೋದರೆ ವಿಭಾಗ ತುಂಬುತ್ತದೆ. ಹೊಸ ಇಮೇಜ್ ಅರ್ಧದಲ್ಲಿಯೇ ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ಗ್ರಾಫಿಕ್ಸ್ ಚಿಪ್‌ಗಳ ಫರ್ಮ್‌ವೇರ್ ಕಡತಗಳು ಬೃಹತ್ತಾಗಿ ಬೆಳೆದಿರುವುದು ಈ ತೊಡಕನ್ನು ಹೆಚ್ಚಿಸಿದೆ. ಉಪಕರಣಗಳ ನಿರ್ವಾಹಕರು ಇದಕ್ಕೆ ಉತ್ತಮ ಸಂಕೋಚನ ವಿಧಾನಗಳನ್ನು ಅಳವಡಿಸಿದ್ದಾರೆ, ಹಳೆಯ ಕರ್ನಲ್‌ಗಳನ್ನು ತಾನಾಗಿ ತೆಗೆಯುವ ಏರ್ಪಾಡು ಮಾಡಿದ್ದಾರೆ. ಆದರೂ ಹಿಂದೆ ಸಣ್ಣ ಬೂಟ್ ವಿಭಾಗದೊಂದಿಗೆ ಸ್ಥಾಪಿಸಿದ ಯಂತ್ರಗಳಿಗೆ ಪೂರ್ಣ ಬಿಡುಗಡೆ ದೊರೆತಿಲ್ಲ.

ಎರಡನೆಯದು ವಿದ್ಯುತ್ ವ್ಯತ್ಯಯ. ಗ್ರಾಮಾಂತರ ಫೀಡರ್‌ಗಳ ಪಾಡು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ನವೀಕರಣ ನಡೆಯುತ್ತಿರುವಾಗಲೇ ವಿದ್ಯುತ್ ಹೋದರೆ ಇಮೇಜ್ ಅಪೂರ್ಣವಾಗಬಹುದು. ಡೆಬಿಯನ್‌ನ ಉಪಕರಣವು ಈ ಅಪಾಯವನ್ನು ತಗ್ಗಿಸಲು ಹೊಸ ಇಮೇಜನ್ನು ಮೊದಲು ಬೇರೊಂದು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಅದು ಯಶಸ್ವಿಯಾದ ಮೇಲಷ್ಟೇ ನಿಜವಾದ ಹೆಸರಿಗೆ ಬದಲಿಸುತ್ತದೆ. ಆದರೆ ಹೆಸರು ಬದಲಾದಾಗ ದತ್ತಾಂಶವು ಇನ್ನೂ ಸ್ಮೃತಿಯಲ್ಲಿಯೇ ಇದ್ದು ಡಿಸ್ಕಿಗೆ ಇಳಿಯದಿದ್ದರೆ, ಸರಿಯಾದ ಹೆಸರಿನ ಖಾಲಿ ಕಡತ ಉಳಿಯುವ ಸಾಧ್ಯತೆ ಇರುತ್ತದೆ. ಆದ್ದರಿಂದಲೇ ಇಂತಹ ಉಪಕರಣಗಳಲ್ಲಿ ಬರೆದದ್ದನ್ನು ಡಿಸ್ಕಿಗೆ ಇಳಿಸುವ 'ಸಿಂಕ್' ಆದೇಶ ಎಲ್ಲಿರಬೇಕು ಎಂಬ ಒಂದು ಸಾಲಿನ ಪ್ರಶ್ನೆಗೆ ಅಷ್ಟೊಂದು ತೂಕ.

ವಿದ್ಯುತ್ ಹೋದಾಗ ಇಮೇಜ್ ಸರಿಯಿದ್ದು ಮೂಲ ಕಡತ ವ್ಯವಸ್ಥೆಯೇ ಕೆಡುವುದು ಇನ್ನೂ ಹೆಚ್ಚು ಸಾಮಾನ್ಯ. 2015ರ ಡೆಬಿಯನ್ 8ರಿಂದ ಮೂಲ ವಿಭಾಗದ ಪರೀಕ್ಷೆ ಇನಿಟ್‌ರಾಮ್‌ಎಫ್‌ಎಸ್‌ನೊಳಗೇ ನಡೆಯುತ್ತದೆ. ಸಣ್ಣ ಹಾನಿಯನ್ನು ಅದು ತಾನೇ ಸರಿಪಡಿಸಿ ಮುಂದುವರಿಯುತ್ತದೆ. ದೊಡ್ಡದಿದ್ದರೆ ಮಾನವನ ಒಪ್ಪಿಗೆ ಬೇಕೆಂದು ನಿಲ್ಲುತ್ತದೆ. ಕಪ್ಪು ಪರದೆಯನ್ನು ಕಂಡು 'ವೈರಸ್ ಬಂದಿದೆ' ಎಂದು ಡಿಸ್ಕ್ ಅಳಿಸುವವರು ಗಮನಿಸಬೇಕಾದ ಸಂಗತಿ ಇದು: ಯಂತ್ರವು ಅಲ್ಲಿ ಕೆಟ್ಟು ನಿಂತಿಲ್ಲ, ಅಪ್ಪಣೆಗೆ ಕಾದು ನಿಂತಿದೆ.

ಇದರ ಸೋದರ ಸಂಬಂಧಿ ಗಡಿಯಾರದ ದೋಷ. ಹಳೆಯ ಯಂತ್ರಗಳ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತರೆ, ಪ್ರತಿ ಬಾರಿ ವಿದ್ಯುತ್ ಹೋದಾಗಲೂ ದಿನಾಂಕ ವರ್ಷಗಳ ಹಿಂದಕ್ಕೆ ಜಾರುತ್ತದೆ. ಆಗ ಡಿಸ್ಕಿನ ಕೊನೆಯ ಬಳಕೆಯ ದಿನಾಂಕ 'ಭವಿಷ್ಯದಲ್ಲಿದೆ' ಎಂದು ಪರೀಕ್ಷಾ ತಂತ್ರಾಂಶಕ್ಕೆ ತೋರಿ ಅದು ತಡೆ ಒಡ್ಡಬಹುದು. ವಿಂಡೋಸ್ ಜೊತೆಗೇ ಇರುವ ಯಂತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಂಡೋಸ್ ಗಡಿಯಾರದಲ್ಲಿ ಸ್ಥಳೀಯ ಸಮಯವನ್ನು ಇಡುತ್ತದೆ. ಲಿನಕ್ಸ್ ಬೂಟ್ ಆಗುವ ಆರಂಭದಲ್ಲಿ ಅದನ್ನು ಗ್ರೀನ್‌ವಿಚ್ ಸಮಯವೆಂದು ಓದುವುದರಿಂದ ನಮ್ಮಲ್ಲಿ ಐದೂವರೆ ಗಂಟೆ ಮುಂದಿರುತ್ತದೆ. ಈ ಬಗೆಯ ವ್ಯತ್ಯಾಸಗಳ ಕಾರಣದಿಂದಲೇ ಒಂದು ದಿನಕ್ಕಿಂತ ಕಡಿಮೆ ಅಂತರವನ್ನು ಪರೀಕ್ಷಾ ತಂತ್ರಾಂಶ ತಾನಾಗಿ ಸರಿಪಡಿಸಿ ಮುಂದುವರಿಯುವಂತೆ ತಿದ್ದಲಾಗಿದೆ. ಸತ್ತ ಬ್ಯಾಟರಿಗೆ ಮಾತ್ರ ಆ ರಿಯಾಯಿತಿ ಸಾಲದು. ಹೊಸ ಬ್ಯಾಟರಿಯೇ ಮದ್ದು.

ಡಿಸ್ಕನ್ನು ಒಂದು ಯಂತ್ರದಿಂದ ಮತ್ತೊಂದಕ್ಕೆ ಬದಲಿಸಿದಾಗಲೂ ಬೂಟ್ ನಿಲ್ಲುವುದುಂಟು. ಇಮೇಜಿನ ಗಾತ್ರ ಉಳಿಸಲೆಂದು ಆಯಾ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ತುಂಬಿದ್ದರೆ ಹೊಸ ಯಂತ್ರದ ಡಿಸ್ಕ್ ನಿಯಂತ್ರಕ ಅದಕ್ಕೆ ಅಪರಿಚಿತ. ಡ್ರಾಕಟ್ ಬಳಸುವ ಫೆಡೋರಾದಂತಹ ವ್ಯವಸ್ಥೆಗಳು ಎಲ್ಲ ಡ್ರೈವರ್‌ಗಳುಳ್ಳ 'ರೆಸ್ಕ್ಯೂ' ಇಮೇಜೊಂದನ್ನು ಪ್ರತ್ಯೇಕವಾಗಿ ಇರಿಸುವುದು ಇದಕ್ಕಾಗಿಯೇ. ಸ್ವಾಪ್ ವಿಭಾಗವನ್ನು ಮರುಸೃಷ್ಟಿಸಿ ಅದರ ಗುರುತುಸಂಖ್ಯೆ ಬದಲಾಗಿದ್ದರೆ, ಇಮೇಜಿನಲ್ಲಿರುವ ಹಳೆಯ ಸಂಖ್ಯೆಯನ್ನು ಹುಡುಕುತ್ತ ಯಂತ್ರವು ಪ್ರತಿ ಬಾರಿ ಸುಮಾರು ಅರ್ಧ ನಿಮಿಷ ಸುಮ್ಮನೆ ಕೂರುತ್ತದೆ. ಆದರೆ ಬೂಟ್ ಆಗುತ್ತದೆ.

ಭದ್ರತೆಯ ಎರಡು ಪ್ರಸಂಗಗಳು

ಉಪಕರಣದ ದೋಷವು ಕೇವಲ ಅನನುಕೂಲವಾಗಿ ಉಳಿಯದೆ ಭದ್ರತೆಗೂ ಕುಂದು ತಂದ ನಿದರ್ಶನಗಳಿವೆ. 2012ರಲ್ಲಿ ಬೆಳಕಿಗೆ ಬಂದ ಡ್ರಾಕಟ್‌ನ ಒಂದು ದೋಷದಲ್ಲಿ, ಅದು ತಯಾರಿಸುತ್ತಿದ್ದ ಇಮೇಜನ್ನು ಯಂತ್ರದ ಯಾವ ಬಳಕೆದಾರರೂ ಓದಬಹುದಾಗಿತ್ತು. ಇಮೇಜಿನೊಳಗೆ ಗುಪ್ತಕೀಲಿಯಂತಹ ಮಾಹಿತಿ ಸೇರಿದ್ದರೆ ಅದೂ ಬಯಲಾದಂತೆಯೇ. ಪರಿಹಾರವು ಕಡತದ ಅನುಮತಿಯನ್ನು ಬಿಗಿಗೊಳಿಸುವುದಷ್ಟೇ ಆಗಿತ್ತು.

ಎರಡನೆಯದು ಇನ್ನೂ ಸ್ವಾರಸ್ಯಕರ. 2016ರ ನವೆಂಬರಿನಲ್ಲಿ ಹೆಕ್ಟರ್ ಮಾರ್ಕೊ ಮತ್ತು ಇಸ್ಮಾಯೆಲ್ ರಿಪೋಲ್ ಎಂಬ ಸಂಶೋಧಕರು ಒಂದು ಸಂಗತಿಯನ್ನು ಪ್ರಕಟಿಸಿದರು: ಡಿಸ್ಕನ್ನು ಗೂಢಲಿಪೀಕರಿಸಿದ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಗುಪ್ತಪದ ಕೇಳಿದಾಗ ಎಂಟರ್ ಕೀಲಿಯನ್ನು ಸುಮಾರು 70 ಸೆಕೆಂಡುಗಳ ಕಾಲ ಒತ್ತಿ ಹಿಡಿದರೆ ಸಾಕು, ಸರ್ವಾಧಿಕಾರವುಳ್ಳ ಆದೇಶ ಪರದೆ ತೆರೆದುಕೊಳ್ಳುತ್ತಿತ್ತು! ಇಲ್ಲಿ ಯಾರೂ ಬೀಗ ಮುರಿದಿರಲಿಲ್ಲ. ಗುಪ್ತಪದದ ಪ್ರಯತ್ನಗಳು ಮುಗಿದಾಗ ಏನು ಮಾಡಬೇಕೆಂದು ಸ್ಕ್ರಿಪ್ಟಿನಲ್ಲಿ ಸರಿಯಾಗಿ ಹೇಳಿರಲಿಲ್ಲ. ಡಿಸ್ಕ್ ಇನ್ನೂ ಸಿದ್ಧವಾಗಿಲ್ಲವೆಂದು ಭಾವಿಸಿ ಅದು ಮತ್ತೆ ಮತ್ತೆ ಕೇಳಿ, ಕಡೆಗೆ 'ಡಿಸ್ಕ್ ಸಿಗಲಿಲ್ಲ, ತಂತ್ರಜ್ಞರು ನೋಡಲಿ' ಎಂದು ದುರಸ್ತಿಯ ಬಾಗಿಲನ್ನೇ ತೆರೆಯುತ್ತಿತ್ತು. ಗೂಢಲಿಪಿಯಲ್ಲಿದ್ದ ದತ್ತಾಂಶ ಅದರಿಂದ ತೆರೆದುಕೊಳ್ಳುತ್ತಿರಲಿಲ್ಲ, ನಿಜ. ಆದರೆ ಗೂಢಲಿಪಿಯಲ್ಲಿಲ್ಲದ ಬೂಟ್ ವಿಭಾಗವನ್ನು ತಿದ್ದಲು, ಡಿಸ್ಕನ್ನು ನಕಲಿಸಲು ಅಥವಾ ಅಳಿಸಲು ಅವಕಾಶವಿತ್ತು. ಪ್ರಯತ್ನಗಳು ಮುಗಿದೊಡನೆ ಅಲ್ಲಿಯೇ ತಡೆಯುವಂತೆ ಸ್ಕ್ರಿಪ್ಟನ್ನು ತಿದ್ದಲಾಯಿತು. ಸಾರ್ವಜನಿಕ ಸ್ಥಳದ ಯಂತ್ರಗಳಲ್ಲಿ ಕರ್ನಲ್‌ಗೆ 'ಪ್ಯಾನಿಕ್' ನಿಯತಾಂಕ ಕೊಟ್ಟರೆ ದುರಸ್ತಿ ಬಾಗಿಲು ತೆರೆಯುವ ಬದಲು ಯಂತ್ರ ಮರುಚಾಲನೆಗೊಳ್ಳುತ್ತದೆ. ಅದನ್ನು ಕೊಟ್ಟರೆ ಶಾಲೆಯ ಶಿಕ್ಷಕರಿಗೂ ದುರಸ್ತಿ ಬಾಗಿಲು ಮುಚ್ಚುತ್ತದೆ ಎಂಬುದನ್ನು ಮರೆಯಬಾರದು. ಸೈಬರ್ ಕೆಫೆಗೆ ಅದು ಸರಿ; ಶಾಲೆಗೆ ಬೇಡವೆಂದೇ ಈ ಲೇಖಕನ ಅಭಿಪ್ರಾಯ.

ಆರಂಭಿಕ ಹಂತದ ದೋಷ ಏಕೆ ಇಷ್ಟು ದುಬಾರಿ ಎಂಬುದಕ್ಕೆ ಲಿನಕ್ಸ್‌ನ ಆಚೆಗಿನ ಸಾಕ್ಷಿಯೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಾಧಿತವಾದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಯಂತ್ರ ಪೂರ್ಣವಾಗಿ ಏಳದಿದ್ದರೆ ಅಂತರ್ಜಾಲದ ಮೂಲಕ ಅದನ್ನು ತಲುಪಲಾಗದು. ಅಸಂಖ್ಯ ಯಂತ್ರಗಳ ಬಳಿಗೆ ಮನುಷ್ಯರೇ ಹೋಗಬೇಕಾಯಿತು.

ನಿಂತ ಯಂತ್ರವನ್ನು ಎಬ್ಬಿಸುವ ಬಗೆ

ಮೊದಲ ಉಪಾಯ ಅತಿ ಸುಲಭ. ಗ್ರಬ್ ಪಟ್ಟಿಯ 'ಅಡ್ವಾನ್ಸ್‌ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಬೇಕು. ಅದರ ಇಮೇಜ್ ಬೇರೆಯೇ ಆದ್ದರಿಂದ, ಕೆಟ್ಟಿರುವುದು ಹೊಸ ಇಮೇಜ್ ಮಾತ್ರವಾಗಿದ್ದರೆ ಯಂತ್ರ ಏಳುತ್ತದೆ. ಎದ್ದ ಬಳಿಕ ಬೂಟ್ ವಿಭಾಗದಲ್ಲಿ ಸ್ಥಳವಿದೆಯೇ ಎಂದು ನೋಡಿ, ಬೇಡವಾದ ಕರ್ನಲ್‌ಗಳನ್ನು ಪ್ಯಾಕೇಜ್ ವ್ಯವಸ್ಥೆಯ 'ಆಟೋರಿಮೂವ್' ಮೂಲಕ ತೆಗೆದು, 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಅಥವಾ ಡ್ರಾಕಟ್‌ನಿಂದ ಇಮೇಜನ್ನು ಪುನಃ ಕಟ್ಟಬೇಕು. ಈಗ ನಡೆಯುತ್ತಿರುವ ಕರ್ನಲ್ ಯಾವುದೆಂದು ನೋಡದೆ ಕೈಯಿಂದ ಕಡತ ಅಳಿಸುವುದು ಅಪಾಯಕರ.

ಹಿಂದಿನ ಕರ್ನಲ್ ಕೂಡ ಅದೇ ಪರದೆಯಲ್ಲಿ ನಿಂತರೆ, 'ಎಕ್ಸಿಟ್' ಎಂದು ಟಂಕಿಸಿ ಎಂಟರ್ ಒತ್ತಬೇಕು. ಅನೇಕ ವೇಳೆ ನಿಂತ ಕಾರಣ ಆಗ ಪುನಃ ಪರದೆಗೆ ಬರುತ್ತದೆ. ಯಾವ ವಿಭಾಗ ಪರೀಕ್ಷೆ ಬೇಡುತ್ತಿದೆಯೋ ಅದರ ಹೆಸರು ಅಲ್ಲಿರುತ್ತದೆ; ಆ ಹೆಸರಿನೊಂದಿಗೆ 'ಎಫ್‌ಎಸ್‌ಸಿಕೆ' ಆದೇಶ ಕೊಟ್ಟು, ಅದು ಕೇಳುವ ಪ್ರಶ್ನೆಗಳಿಗೆ ಒಪ್ಪಿಗೆ ನೀಡಿ, ಮುಗಿದ ಬಳಿಕ ಮರುಚಾಲನೆ ಮಾಡಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಒಂದು ಎಚ್ಚರಿಕೆ: ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಅಥವಾ ಓದುವ ದೋಷಗಳ ಸಾಲುಗಳು ಪರದೆಯ ಮೇಲೆ ಹರಿಯುತ್ತಿದ್ದರೆ ಈ ಆದೇಶ ಹಾನಿಯನ್ನು ಹೆಚ್ಚಿಸಬಹುದು. ಮೊದಲು ಕಡತಗಳನ್ನು ನಕಲಿಸಿಕೊಳ್ಳಬೇಕು. ವಿಭಾಗವೇ ಕಾಣಿಸುತ್ತಿಲ್ಲವಾದರೆ 'ಬಿಎಲ್‌ಕೆಐಡಿ' ಆದೇಶ ಡಿಸ್ಕುಗಳ ಪಟ್ಟಿ ಕೊಡುತ್ತದೆ. ಪಟ್ಟಿ ಬರಿದಾಗಿದ್ದರೆ ಡ್ರೈವರ್ ಇಲ್ಲ ಅಥವಾ ಕೇಬಲ್ ಸಡಿಲಾಗಿದೆ. ಹಳೆಯ ಯಂತ್ರಗಳಲ್ಲಿ ಕೇಬಲ್ಲನ್ನೇ ಮೊದಲು ಶಂಕಿಸುವುದು ಜಾಣತನ.

ಕರ್ನಲ್ ಪ್ಯಾನಿಕ್ ಬಂದು, ಮೂಲ ಕಡತ ವ್ಯವಸ್ಥೆ ಸಿಗಲಿಲ್ಲವೆಂದು ಯಂತ್ರ ಸ್ತಬ್ಧವಾದರೆ ಇಮೇಜ್ ಇಲ್ಲವೇ ಇಲ್ಲ ಅಥವಾ ಕೆಟ್ಟಿದೆ ಎಂದು ಊಹಿಸಬಹುದು. ಆಗ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ, ಡಿಸ್ಕಿನ ವಿಭಾಗಗಳನ್ನು ಜೋಡಿಸಿ, 'ಸಿಎಚ್‌ರೂಟ್' ಮೂಲಕ ಹಳೆಯ ವ್ಯವಸ್ಥೆಯೊಳಗೆ ಪ್ರವೇಶಿಸಿ ಇಮೇಜನ್ನು ಕಟ್ಟಬೇಕು. ಬೂಟ್ ವಿಭಾಗ ಪ್ರತ್ಯೇಕವಾಗಿದ್ದರೆ ಅದನ್ನೂ ಜೋಡಿಸಲು ಮರೆಯಬಾರದು. ಮರೆತರೆ ಹೊಸ ಇಮೇಜ್ ತಪ್ಪು ಜಾಗದಲ್ಲಿ ಕೂರುತ್ತದೆ.

ಉಪಕರಣವನ್ನೇ ತಿದ್ದುವವರಿಗೆ

ಮೇಲಿನದು ಯಂತ್ರದ ದುರಸ್ತಿ. ಉಪಕರಣದ ದೋಷವನ್ನು ಮೂಲದಲ್ಲಿ ತಿದ್ದುವುದು ಬೇರೆಯದೇ ಕೆಲಸ. 1951ರಲ್ಲಿ ಆರಂಭವಾದ ದಾವಣಗೆರೆಯ ಬಿಡಿಟಿಯಂತಹ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಎಟುಕದ ಹಣ್ಣೇನಲ್ಲ. ಈ ಉಪಕರಣಗಳ ಬಹುಭಾಗ ಶೆಲ್ ಸ್ಕ್ರಿಪ್ಟುಗಳು, ಓದಿದರೆ ಅರ್ಥವಾಗುತ್ತವೆ. ತೊಡಕಿರುವುದು ಪರಿಸರದಲ್ಲಿ. ದೋಷ ಸಂಭವಿಸುವ ಹೊತ್ತಿಗೆ ಡಿಸ್ಕ್ ತೆರೆದಿರುವುದಿಲ್ಲವಾದ್ದರಿಂದ ದಾಖಲೆ ಬರೆದಿಡಲು ಜಾಗವಿಲ್ಲ. ಅಭಿವೃದ್ಧಿಯ ಯಂತ್ರದ ಬ್ಯಾಷ್‌ನಲ್ಲಿ ನಡೆದ ಸಾಲು, ಬಿಸಿಬಾಕ್ಸ್‌ನ ಸರಳ ಶೆಲ್‌ನಲ್ಲಿ ಮುಗ್ಗರಿಸಬಹುದು.

ಇಮೇಜಿನ ಒಳಗೆ ಏನಿದೆ ಎಂದು ನೋಡಲು ಡೆಬಿಯನ್‌ನಲ್ಲಿ 'ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್', ಡ್ರಾಕಟ್‌ನಲ್ಲಿ 'ಎಲ್‌ಎಸ್‌ಇನಿಟ್‌ಆರ್‌ಡಿ' ಇವೆ. ಹಳೆಯ ಪುಸ್ತಕಗಳಲ್ಲಿ ಹೇಳಿರುವಂತೆ ಕಡತವನ್ನು ನೇರವಾಗಿ ಬಿಚ್ಚಲು ಹೋದವರಿಗೆ ಪ್ರೊಸೆಸರಿನ ಮೈಕ್ರೋಕೋಡ್ ಕಡತವೊಂದಷ್ಟೇ ಕಂಡು, ಇಮೇಜ್ ಖಾಲಿಯಿದೆ ಎಂಬ ಭ್ರಮೆ ಉಂಟಾಗುವುದುಂಟು. 2013ರ ಸುಮಾರಿನಿಂದ ಮೈಕ್ರೋಕೋಡನ್ನು ಸಂಕುಚಿಸದ ಪ್ರತ್ಯೇಕ ಗಂಟಾಗಿ ಮುಂದೆ ಅಂಟಿಸುವ ಪದ್ಧತಿ ಬಂದದ್ದೇ ಕಾರಣ; ನಿಜವಾದ ಸರಕು ಅದರ ಹಿಂದಿರುತ್ತದೆ.

ಪ್ರಯೋಗಕ್ಕೆ ನಿಜವಾದ ಯಂತ್ರವನ್ನು ಬಲಿಕೊಡಬೇಕಿಲ್ಲ. ಕ್ಯುಎಮು ಎಂಬ ಮಿಥ್ಯಾಯಂತ್ರಕ್ಕೆ ಕರ್ನಲ್ ಮತ್ತು ಇಮೇಜನ್ನು ನೇರವಾಗಿ ಒಪ್ಪಿಸಿ ನೂರು ಬಾರಿ ಬೀಳಿಸಿ ಎಬ್ಬಿಸಬಹುದು. ಕರ್ನಲ್ ಸಾಲಿಗೆ 'ಡೀಬಗ್' ಎಂದು ಸೇರಿಸಿದರೆ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ತನ್ನ ಪ್ರತಿ ಹೆಜ್ಜೆಯನ್ನು ಸ್ಮೃತಿಯಲ್ಲಿನ 'ರನ್' ಕೋಶದಲ್ಲಿ ಬರೆದಿಡುತ್ತದೆ. 'ಬ್ರೇಕ್' ಎಂಬ ನಿಯತಾಂಕ ಬಯಸಿದ ಹಂತದಲ್ಲಿ ನಿಲ್ಲಿಸುತ್ತದೆ. ಡ್ರಾಕಟ್ ವಿಫಲವಾದಾಗ ಅದೇ ಕೋಶದಲ್ಲಿ ಒಂದು ವರದಿಯನ್ನು ತಾನೇ ಸಿದ್ಧಪಡಿಸುತ್ತದೆ. ದೋಷ ವರದಿಗೆ ಇದನ್ನು ಲಗತ್ತಿಸಿದರೆ ನಿರ್ವಾಹಕರ ಅರ್ಧ ಕೆಲಸ ಮುಗಿಯುತ್ತದೆ. 'ಬೂಟ್ ಆಗುತ್ತಿಲ್ಲ' ಎಂದಷ್ಟೇ ಬರೆದ ವರದಿ ವರ್ಷಗಟ್ಟಲೆ ಬಿದ್ದಿರುತ್ತದೆ.

ಕನ್ನಡದ ಪ್ರಶ್ನೆ

ಯಂತ್ರವನ್ನು ಕನ್ನಡದಲ್ಲಿಯೇ ಬಳಸುವವರು ಕೇಳಬಹುದು: ಈ ಕಪ್ಪು ಪರದೆಯ ಸಂದೇಶವಾದರೂ ಕನ್ನಡದಲ್ಲಿ ಬರಬಾರದೇಕೆ? ಅನುವಾದಕರ ಕೊರತೆ ಇದಕ್ಕೆ ಕಾರಣವಲ್ಲ. ಕರ್ನಲ್ಲಿನ ಪಠ್ಯ ಪರದೆ ಒಂದು ಬಾರಿಗೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಮಾತ್ರ ಇರಿಸಿಕೊಳ್ಳಬಲ್ಲದು. ಒತ್ತಕ್ಷರ, ಗುಣಿತಗಳನ್ನು ಕೂಡಿಸಿ ತೋರಿಸುವ ಶಕ್ತಿ ಅದಕ್ಕಿಲ್ಲ. ಡೆಬಿಯನ್ ಸ್ಥಾಪಕ ತಂತ್ರಾಂಶದಲ್ಲಿ ಕನ್ನಡ ಲಭ್ಯವಾದದ್ದು ಚಿತ್ರಾತ್ಮಕ ವಿಧಾನದಲ್ಲಿ ಮಾತ್ರ ಎಂಬುದಕ್ಕೂ ಇದೇ ಕಾರಣ. ಪ್ಲಿಮತ್‌ನಂತಹ ಚಿತ್ರಾತ್ಮಕ ಪರದೆಯನ್ನು ಇಮೇಜಿಗೆ ಸೇರಿಸಿ ಕನ್ನಡ ಫಾಂಟನ್ನೂ ತುಂಬಿದರೆ ಗುಪ್ತಪದ ಕೇಳುವ ಸಾಲಾದರೂ ಕನ್ನಡದಲ್ಲಿ ಮೂಡಬಹುದು. ಇಮೇಜಿನ ಗಾತ್ರ ಅಷ್ಟು ಬೆಳೆಯುತ್ತದೆ, ಸಣ್ಣ ಬೂಟ್ ವಿಭಾಗದ ಹಳೆಯ ಕಷ್ಟ ಮತ್ತೆ ಎದುರಾಗುತ್ತದೆ.

ಡಿಸ್ಕಿನ ಗುಪ್ತಪದವನ್ನು ಕನ್ನಡ ಲಿಪಿಯಲ್ಲಿ ಇಡದಿರುವುದು ಕ್ಷೇಮ. ಡೆಸ್ಕ್‌ಟಾಪಿನಲ್ಲಿ ಕನ್ನಡ ಕೀಲಿಮಣೆ ವಿನ್ಯಾಸ ಬಳಸಿ ಇಟ್ಟ ಪದವನ್ನು ಆರಂಭಿಕ ಪರದೆಯಲ್ಲಿ ಟಂಕಿಸಲು ಆ ವಿನ್ಯಾಸ ಅಲ್ಲಿರುವುದಿಲ್ಲ. ಹಾಗೆ ಇಟ್ಟಿದ್ದರೆ, ಯಂತ್ರ ಇನ್ನೂ ತೆರೆದಿರುವಾಗಲೇ ಲ್ಯಾಟಿನ್ ಅಕ್ಷರಗಳ ಮತ್ತೊಂದು ಗುಪ್ತಪದವನ್ನು ಹೆಚ್ಚುವರಿಯಾಗಿ ಸೇರಿಸಬೇಕು. ಲಿನಕ್ಸ್‌ನ ಡಿಸ್ಕ್ ಗೂಢಲಿಪಿ ಪದ್ಧತಿಯಾದ ಲಕ್ಸ್, ಒಂದೇ ಡಿಸ್ಕಿಗೆ ಒಂದಕ್ಕಿಂತ ಹೆಚ್ಚು ಗುಪ್ತಪದಗಳಿಗೆ ಎಡೆಗೊಡುತ್ತದೆ.